ತಲೆಗೆ ಏಳು ಕೇಜಿ

ಭಾನುವಾರ ಬೆಳಿಗ್ಗೆ ಉಪ್ಪಿಟ್ಟಿನ ತಟ್ಟೆಗಳನ್ನು ತೊಳೆದಿಟ್ಟ ಕೂಡಲೇ ಪೂನಮ್ ಪಡಸಾಲೆಯಲ್ಲಿ ತಕ್ಕಡಿ ಕಟ್ಟಿದಳು. ಅದು ಕೂಸುಗಳನ್ನು ತೂಗುವ ತಕ್ಕಡಿ. ಗಡಿಯಾರದಂಥ ದುಂಡು ಮುಖ, ಕೆಳಗೊಂದು ಕೊಕ್ಕೆ. ಓಣಿಯ ಅಂಗನವಾಡಿಯ ರೆಹಮತ್‌ಬಿ, ಹೊಸದು ಬಂದ ಮೇಲೆ ಮೂಲೆ ಸೇರಿದ್ದ ಈ ಹಳೆಯದನ್ನು "ವಿಮಾನ ಹತ್ತೂತನಾ ಇಟ್ಕೋವಾ" ಎಂದು ಕೊಟ್ಟಿದ್ದಳು. ಮೈತ್ರಿ ಹುಟ್ಟಿದಾಗ ತೊಟ್ಟಿಲು ತೂಗುಹಾಕಿದ್ದ ಕೊಂಡಿ ಇನ್ನೂ ಜಂತಿಯಲ್ಲಿತ್ತು. ತಕ್ಕಡಿ ಅದಕ್ಕೆ ಸರಿಯಾಗಿ ಕೂತಿತು.

"ಮೊದಲ ನಂದು!" ಎಂದಳು ಏಳು ವರ್ಷದ ಮೈತ್ರಿ, ತನ್ನ ಗುಲಾಬಿ ಚೀಲ ಹಿಡಿದು.

ಚೀಲ ತೂಗಿತು. ಮುಳ್ಳು ಎರಡರ ಹತ್ತಿರ ನಿಂತಿತು.

"ಬರೇ ಎರಡು ಕೇಜಿ. ಅಂದ್ರ ಕೂಸಿನ ಪಾಲಿನ್ಯಾಗ ಐದು ಕೇಜಿ ಖಾಲಿ ಐತಿ ಅನ್ರಿ" ಎಂದು ಮುದಕವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತು ಕಣ್ಣು ಅರಳಿಸಿದಳು.

ರಾಯಾಪುರದ ಆ ಮನೆಯಲ್ಲಿ ಐದು ಜನ. ಮಾವ ಮೈಲಾರಪ್ಪ ಹೆಡ್‌ಮಾಸ್ತರಿಕೆ ಮಾಡಿ ನಿವೃತ್ತರಾದವರು. ಅತ್ತೆ ಮುದಕವ್ವ ಇಡೀ ಮನೆಯ ಉಪ್ಪು ಖಾರ ತನ್ನ ಕೈಯಲ್ಲೇ ಇಟ್ಟುಕೊಂಡವಳು. ಗಂಡ ಅಂಬರೀಷ ಧಾರವಾಡದ ಪಿಯು ಕಾಲೇಜೊಂದರಲ್ಲಿ ಇತಿಹಾಸ ಹೇಳುತ್ತಾನೆ. ಪೂನಮ್ ಹುಬ್ಬಳ್ಳಿಯ ಖಾಸಗಿ ಆಸ್ಪತ್ರೆಯಲ್ಲಿ ಹನ್ನೊಂದು ವರ್ಷದಿಂದ ನರ್ಸ್. ಸಮುದ್ರದ ಮೇಲೆ ಹಡಗಿನಲ್ಲಿ ಹೋಗಬೇಕು ಅನ್ನುವುದು ಅವಳ ಆಸೆ. ಯಾವುದೋ ಒಂದು ನೈಟ್ ಡ್ಯೂಟಿಯಲ್ಲಿ ಮೊಬೈಲ್‌ನಲ್ಲಿ ಕಂಡ ಬಿಳಿ ಹಡಗು ತಲೆಯಿಂದ ಇಳಿದೇ ಇರಲಿಲ್ಲ. ಅವಳು ಹಾಕಿದ್ದ ಚೀಟಿ ಈ ವರ್ಷ ಕೈಗೆ ಬಂದದ್ದೇ ತಡ, ದಸರಾ ರಜೆಗೆ ಐದೂ ಜನ ಮುಂಬೈಗೆ ಹಾರಿ, ಅಲ್ಲಿಂದ ಹಡಗು ಹತ್ತಿ, ಗೋವಾ ನೋಡಿ ತಿರುಗಿ ಬರುವುದೆಂದು ನಿಕ್ಕಿ ಮಾಡಿಬಿಟ್ಟಳು.

ಹಡಗಿನದು ಅವಳು ನೋಡಿಕೊಂಡಳು. ವಿಮಾನದ ಟಿಕೆಟ್ಟು ಅಂಬರೀಷನ ಪಾಲಿಗೆ ಬಂತು. ಅವನು ಎಲ್ಲಿಯೋ ರಿಯಾಯಿತಿ ಕಂಡು, ಖುಷಿಯಿಂದ ಗುಂಡಿ ಒತ್ತಿ, ಆಮೇಲೆ ಸಣ್ಣ ಅಕ್ಷರ ಓದಿದ. ಅದು ಬರೇ ಕೈಚೀಲದ ಟಿಕೆಟ್ಟು. ತಲೆಗೆ ಏಳು ಕೇಜಿ. ಪೆಟ್ಟಿಗೆ ಒಯ್ಯಬೇಕಾದರೆ ಬೇರೆ ರೊಕ್ಕ.

"ಹೋಗಲಿ ಬಿಡು, ರೊಕ್ಕ ಕೊಟ್ಟು ಒಂದು ಪೆಟಗಿ ಹಾಕಿಸಿದರಾತು" ಎಂದು ಅವನು ಅಂದದ್ದಕ್ಕೆ ಮೈಲಾರಪ್ಪನವರು ಒಪ್ಪಿರಲಿಲ್ಲ. "ಅರಿವಿಗೂ ಟಿಕೆಟ್ ತಗಸ್ತಿ ಏನ? ಏಳು ಅಂದ್ರ ಏಳು. ಅದರಾಗ ಹೊಂದಿಸೂದು."

ಹಾಗೆ ಹೇಳಿದ ಮನುಷ್ಯರೇ ಈಗ ಒಳಕೋಣೆಯಿಂದ ಉದ್ದನೆಯ ಬಟ್ಟೆಯ ಚೀಲವೊಂದನ್ನು ಎರಡೂ ಕೈಯಲ್ಲಿ ಅಡ್ಡಡ್ಡ ಹೊತ್ತು ತಂದರು. ನುಸಿಗುಳಿಗೆಯ ವಾಸನೆ ಪಡಸಾಲೆಯ ತುಂಬ ಹರಡಿತು. ಒಳಗೆ ಕಡುನೀಲಿ ಉಣ್ಣೆಯ ಕೋಟು, ಪ್ಯಾಂಟು, ಒಳಗಿನ ತೋಳಿಲ್ಲದ ವೇಸ್ಟ್‌ಕೋಟು, ಒಂದು ಕೆಂಪು ಟೈ.

"ಹಡಗಿನವರ ಕಾಗದದಾಗ ಏನ ಬರದಾರ, ಓದು ಅಂಬರೀಷ" ಎಂದರು.

ಅಂಬರೀಷ ಮೊಬೈಲ್ ತೆಗೆದು, ಇದು ಮೂರನೆಯ ಸಲವೆಂಬಂತೆ ಓದಿದ. "ಎರಡನೇ ದಿವಸ ರಾತ್ರಿ ಔತಣ. ಗಂಡಸರಿಗೆ ಕೋಟು, ಟೈ. ಹೆಂಗಸರಿಗೆ ಸೀರಿ ಇಲ್ಲಾ ಗೌನು. ಚಡ್ಡಿ, ಚಪ್ಪಲಿ ನಡಿಯಂಗಿಲ್ಲ."

"ಕೇಳಿದಿ? ನಡಿಯಂಗಿಲ್ಲ ಅಂತ ಬರದಾರ. ಇಂಥಾ ಶಿಸ್ತು ನನಗ ಬಾಳ ಸೇರತೈತಿ."

ಪೂನಮ್ ಕೋಟಿನ ಚೀಲವನ್ನು ಕೊಕ್ಕೆಗೆ ಹಾಕಿದಳು. ಎರಡು ಕೇಜಿ ಎಂಟುನೂರು. ಬೂಟುಗಳನ್ನೂ ಸೇರಿಸಿದಾಗ ಮುಳ್ಳು ನಾಲ್ಕಕ್ಕೆ ಬಂತು.

"ಮಾವಾರ, ಇದರಾಗ ನಾಕು ಹೋತು. ಉಳದ ಮೂರು ಕೇಜಿಯೊಳಗ ನಾಕ ದಿನದ ಬಟ್ಟಿ, ಗುಳಗಿ, ಬಿ.ಪಿ. ಮಷಿನ್ನು, ಟಾವೆಲ್ಲು. ಹೊಂದಂಗಿಲ್ಲರಿ."

"ಕೂಸಿಂದು ಐದು ಕೇಜಿ ಖಾಲಿ ಐತಲ್ಲ?"

"ಅದು ನನ್ನ ರೊಟ್ಟಿ ಡಬ್ಬಿಗೆ" ಎಂದಳು ಮುದಕವ್ವ ತಟ್ಟನೆ. "ನಲವತ್ತ ಕಟಕ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಚಟ್ನಿ. ನೀರಿನ ಮ್ಯಾಲ ಏನ ಸಿಗತೈತೋ ಏನ ಇಲ್ಲೋ."

"ನಂದು ನಾ ಯಾರಿಗೂ ಕೊಡಂಗಿಲ್ಲ!" ಎಂದು ಮೈತ್ರಿ ಚೀಲ ತಬ್ಬಿಕೊಂಡು ಓಡಿದಳು. ಎಲ್ಲರೂ ನಕ್ಕರು. ಆ ಭಾನುವಾರ ನಗುವಿನಲ್ಲೇ ಮುಗಿಯಿತು.

ಪೂನಮ್ ತನ್ನ ಚೀಲವನ್ನು ಮಾತ್ರ ಅಂದು ತೂಗಿರಲಿಲ್ಲ. ಅದರ ತಳದಲ್ಲಿ, ಹಳೆಯ ಟಾವೆಲ್ಲಿನಲ್ಲಿ ಸುತ್ತಿದ ಒಂದು ಹಸಿರು ಗೌನಿತ್ತು. ಆನ್‌ಲೈನ್‌ನಲ್ಲಿ ತರಿಸಿದ್ದು. ಆಸ್ಪತ್ರೆಯ ವಿಳಾಸಕ್ಕೆ.

ಬುಧವಾರ ಅದು ಬಯಲಾಯಿತು. ಬೆಳಗಿನ ಪಾಳಿ ಮುಗಿಸಿ, ಎರಡು ಬಸ್ಸು ಬದಲಿಸಿ, ಮೂರೂವರೆಗೆ ಅವಳು ಮನೆಗೆ ಬಂದಾಗ ಗೌನು ಹಿತ್ತಲಿನ ಹಗ್ಗದ ಮೇಲೆ ಎರಡು ಚಿಮಟಿ ಹಚ್ಚಿಸಿಕೊಂಡು ಗಾಳಿಗೆ ಹೊಯ್ದಾಡುತ್ತಿತ್ತು. ಟಾವೆಲ್ಲು ಒಗೆಯಬೇಕೆಂದು ಎಳೆದ ಮುದಕವ್ವನ ಕೈಗೆ ಅದು ಸಿಕ್ಕಿತ್ತು.

"ಯವ್ವಾ, ಇಷ್ಟ ಛಲೋ ನೈಟಿ ಯಾವಾಗ ತಗೊಂಡಿ? ಹೊಸಾ ಅರಿವಿ ಒಮ್ಮಿ ನೀರಿಗೆ ಹಾಕಬೇಕ. ಅದಕ್ಕ ಹಿಂಡಿ ಹಾಕೇನಿ."

"ಅತ್ತಿಯಾರ, ಅದು ನೈಟಿ ಅಲ್ಲರಿ. ಗೌನು. ಹಡಗಿನ ಊಟಕ್ಕ."

ಮುದಕವ್ವ ಹಗ್ಗದ ಕಡೆ ಮತ್ತೊಮ್ಮೆ ನೋಡಿದಳು. "ಅಷ್ಟ ಮಂದಿ ಮುಂದ ಇದನ್ನ ಹಾಕ್ಕೊಂಡ ಅಡ್ಡಾಡ್ತಿ? ತೋಳ ಎಲ್ಲಿ ಅದಕ?"

"ಅದಕ ತೋಳ ಇರಂಗಿಲ್ಲರಿ."

"ರೊಕ್ಕ ತೋಳಿಂದೂ ಹಿಡಕೊಂಡಿರಬೇಕಲ್ಲ?"

ಪೂನಮ್ ಕೈಕಾಲು ತೊಳೆದು, ಮುಚ್ಚಿಟ್ಟಿದ್ದ ತಟ್ಟೆ ತೆಗೆದು ಒಬ್ಬಳೇ ಉಂಡಳು. ರೊಟ್ಟಿ ಆರಿ ಬಿರುಸಾಗಿತ್ತು. ಸಂಜೆ ಎಲ್ಲರೂ ಊಟಕ್ಕೆ ಕೂತಾಗ ಮಾತು ಮತ್ತೆ ಗೌನಿನ ಸುತ್ತಲೇ ಬಂತು. ಅಂಬರೀಷ ಬದನೆಕಾಯಿ ಎಣಗಾಯಿಯನ್ನೇ ನೋಡುತ್ತ, "ಸೀರಿನೂ ನಡೀತೈತಿ ಅಂತ ಬರದಾರಲ್ಲ ಪೂನಮ್" ಎಂದ. ಗಂಡ ತನ್ನ ಪರ ನಿಲ್ಲುತ್ತಾನೆಂದು ಅವಳು ಸಂಜೆಯವರೆಗೂ ನಂಬಿಕೊಂಡಿದ್ದಳು.

"ಗೌನು ಎಷ್ಟ ತೂಕ ಐತಿ?" ಎಂದು ಮೈಲಾರಪ್ಪನವರು ಕೇಳಿದರು. ಅವರು ಸಹಜವಾಗಿಯೇ ಕೇಳಿದ್ದು. ಲೆಕ್ಕ ಹಾಕುವುದು ಅವರ ಸ್ವಭಾವ.

ಅವಳಿಗೆ ಮಾತ್ರ ಅದು ಚುಚ್ಚಿದಂತಾಯಿತು.

"ಆರ್ನೂರು ಗ್ರಾಂ ರಿ ಮಾವಾರ. ನಿಮ್ಮ ಕೋಟಿನಷ್ಟ ಇಲ್ಲ. ಮೂವತ್ತ ವರ್ಷದ್ದು, ನುಸಿಗುಳಗಿ ನಾತ ಹೊಡಿಯೂ ಕೋಟಿಗೆ ಈ ಮನ್ಯಾಗ ನಾಕ ಕೇಜಿ ಜಾಗಾ ಐತಿ, ನನ್ನ ಒಂದು ಅಂಗಿಗೆ ಇಲ್ಲ. ಆ ಕೋಟು ಹಾಕ್ಕೊಂಡ ಹೋದರ ಅಲ್ಲಿ ಮಂದಿ ನಗತಾರ."

ಅಂಬರೀಷನ ಕೈಯಲ್ಲಿ ರೊಟ್ಟಿಯ ತುಂಡು ಹಾಗೆಯೇ ನಿಂತಿತು. ಮೈಲಾರಪ್ಪನವರು ತಟ್ಟೆಯಲ್ಲಿದ್ದ ಮಜ್ಜಿಗೆ ಅನ್ನವನ್ನು ಪೂರ್ತಿ ಉಂಡರು. ಅನ್ನ ಬಿಟ್ಟು ಏಳುವವರಲ್ಲ ಅವರು. ಕೈ ತೊಳೆದು ಬಂದು, ಗೋಡೆಯ ಮೊಳೆಗೆ ತೂಗಿದ್ದ ಕೋಟಿನ ಚೀಲ ತೆಗೆದುಕೊಂಡು ಒಳಗೆ ಹೋದರು. ಟ್ರಂಕಿನ ಮುಚ್ಚಳ ಬಿದ್ದ ಸಪ್ಪಳ ಕೇಳಿಸಿತು. ಹೊರಗೆ ಬಂದು ನಿಂತರು.

"ಪೂನಮ್, ನೀವ ನಾಕೂ ಜನ ಹೋಗಿ ಬರ್ರಿ. ನಾ ಮನಿ ಕಾಯತೀನಿ. ನನ್ನ ಏಳು ಕೇಜಿ ಹಂಚಿಕೊಳ್ರಿ."

ದನಿಯಲ್ಲಿ ಸಿಟ್ಟಿರಲಿಲ್ಲ. ಪೂನಮ್ ಅವರ ಖಾಲಿ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದಳು.

ಮುಂದಿನ ನಾಲ್ಕು ದಿನ ಮನೆ ಎಂದಿನಂತೆಯೇ ನಡೆಯಿತು. ಬೆಳಿಗ್ಗೆ ಐದೂವರೆಗೆ ನಳದ ನೀರು, ಆರಕ್ಕೆ ಚಹಾ, ಆಮೇಲೆ ಬುದ್ಧವಂದನೆ, ಮೈತ್ರಿಯ ಜಡೆ, ಅಂಬರೀಷನ ಡಬ್ಬಿ. ಮೈಲಾರಪ್ಪನವರು ಮಾತ್ರ ಸೊಸೆಗೆ ಹೇಳಬೇಕಾದದ್ದನ್ನು ಮೊಮ್ಮಗಳ ಕಡೆಯಿಂದ ಹೇಳಿಸುತ್ತಿದ್ದರು. "ಮೈತ್ರಿ, ನಿಮ್ಮವ್ವಗ ಹೇಳು, ಗ್ಯಾಸಿನಾಂವ ಬಂದಿದ್ದ." ಮೈತ್ರಿ ಮೂರು ಹೆಜ್ಜೆ ಆಚೆ ನಿಂತಿದ್ದ ಅವ್ವನಿಗೆ ಗಂಭೀರವಾಗಿ ವರದಿ ಒಪ್ಪಿಸುತ್ತಿದ್ದಳು. ಅಂಬರೀಷ ಹೆಂಡತಿಗೆ "ನೀ ಹಂಗ ಅನಬಾರದಾಗಿತ್ತು" ಎಂದ. ಅಪ್ಪನಿಗೆ "ನೀವೂ ಅಷ್ಟ ಮನಸಿಗೆ ಹಚ್ಚಿಕೋಬಾರದ" ಎಂದ. ಇಬ್ಬರಿಂದಲೂ ಬೈಸಿಕೊಂಡು ಕಾಲೇಜಿಗೆ ಹೋದ.

ಭಾನುವಾರ ಪೂನಮ್‌ಗೆ ರಜೆ. ಅತ್ತೆ ಸೊಸೆ ಇಬ್ಬರೂ ಒಲೆಯ ಮುಂದೆ ಕೂತರು. ಮುದಕವ್ವ ಜೋಳದ ಹಿಟ್ಟು ನಾದಿ ಪಟಪಟನೆ ರೊಟ್ಟಿ ಬಡಿಯುವುದು, ಪೂನಮ್ ಹಂಚಿನ ಮೇಲೆ ನೀರು ಸವರಿ ಬೇಯಿಸುವುದು.

"ಅತ್ತಿಯಾರ, ಆ ಕೋಟು ಮದವ್ಯಾಗ ಹೊಲಿಸಿದ್ದೇನ್ರಿ?"

"ಮದವ್ಯಾಗ? ನಮ್ಮ ಮದವ್ಯಾಗ ಅವರಿಗೆ ಒಂದ ಬಿಳೆ ಅಂಗಿ ಇತ್ತು. ಅದೂ ಅವರ ಅಣ್ಣಂದು." ಮುದಕವ್ವ ರೊಟ್ಟಿಯನ್ನು ಹಂಚಿಗೆ ಹಾಕಿ ಕೈ ಕೊಡವಿದಳು. "ಅದು ಹೆಡ್‌ಮಾಸ್ತರಿಕಿ ಬಂದಾಗಿಂದು. ಕಲಘಟಗಿ ಕಡೆ ಒಂದ ಊರಿಗೆ ಹಾಕಿದ್ರು. ಮೊದಲನೇ ದಿನ ಹುರುಪಿಲೆ ಬೆಳಗಿನ ಬಸ್ಸಿಗೆ ಹೋಗಿಬಿಟ್ರು, ಬುಶ್‌ಶರ್ಟ್ ಹಾಕ್ಕೊಂಡು, ಕೈಯಾಗ ಒಂದು ಚೀಲ. ಸಾಲಿ ಕಟ್ಟಿ ಮ್ಯಾಲ ಕಮಿಟಿ ಅಧ್ಯಕ್ಷ ಕುಂತಿದ್ದ. ಇವರನ್ನ ನೋಡಿದಾಂವ, 'ಏ, ಹೊಸಾ ಹೆಡ್‌ಮಾಸ್ತರ ಹತ್ತರ ಬಸ್ಸಿಗೆ ಬರಾಕತ್ಯಾರ, ಹೋಗಿ ಅವರ ಸಾಮಾನ ಹೊತ್ಕೊಂಡ ಬಾ' ಅಂದ."

ಪೂನಮ್‌ಳ ಕೈಯಲ್ಲಿದ್ದ ಒದ್ದೆ ಬಟ್ಟೆ ಹಂಚಿಗೆ ತಾಗಿ ಚೊರ್ ಎಂದಿತು. "ಇವರನ್ನ ಕರಕೊಂಡ ಬರಾಕ ಇವರನ್ನ ಕಳಿಸಿದ್ರು?"

"ಹೂಂ. ನಮ್ಮಂಥಾವ್ರು ಹೆಡ್‌ಮಾಸ್ತರ ಆಗಿ ಬರತಾರ ಅನ್ನೂದು ಅವನ ತಲ್ಯಾಗ ಇದ್ದಿದ್ದೇ ಇಲ್ಲ."

"ಮಾವಾರ ಏನಂದ್ರು?"

"ಏನಂತಾರ. ಹೂಂ ಅಂದು ಬಸ್‌ಸ್ಟ್ಯಾಂಡಿಗೆ ಹೋದ್ರು. ಹತ್ತರ ಬಸ್ಸು ಬಂತು. ಅದನ್ನ ಹತ್ತಿ ಮನೀಗೆ ಬಂದ್ರು. ಆವತ್ತ ನಾ ಎಷ್ಟ ಹೇಳಿದ್ರೂ ಉಣಲಿಲ್ಲ. ಮರದಿನ ಟೇಲರ್ ಖಾಜಾಸಾಬನ ಕಡೆ ಹೋಗಿ, ನಾಕ ದಿನದಾಗ ಸೂಟ್ ಹೊಲದು ಕೊಡು ಅಂದ್ರು. ಸೋಮವಾರ ಅದ ಬಸ್ಸಿಗೆ ಹೋಗಿ ಇಳದ್ರು. ಅದ ಅಧ್ಯಕ್ಷ ಎದ್ದು ನಿಂತು ನಮಸ್ಕಾರ ಮಾಡಿ, 'ಸರ್, ಅವತ್ತ ನಿಮ್ಮನ್ನ ಕರಿಯಾಕ ಆಳು ಕಳಿಸಿದ್ವಿ, ನೀವ ಬರಲಿಲ್ಲ' ಅಂದ್ನಂತ. ಇವರು, 'ಬಂದಿದ್ದೆ, ನಿಮ್ಮ ಕಣ್ಣಿಗೆ ಬೀಳಲಿಲ್ಲ' ಅಂದ್ರಂತ."

ಮುದಕವ್ವ ಮತ್ತೊಂದು ಉಂಡೆ ಕೈಗೆತ್ತಿಕೊಂಡಳು. "ಆಮ್ಯಾಲ ರಿಟೈರ್ ಆಗೂತನಾ ಪ್ರತಿ ವರ್ಷ ಸಾಲಿ ಸುರುವಾಗೂ ದಿನ ಅದನ್ನ ಹಾಕ್ಕೊಂಡ ಹೋಗ್ಯಾರ. ಅಂಬರೀಷಗೂ ಇದು ಗೊತ್ತಿಲ್ಲ. ನಾ ಹೇಳೀನಿ ಅನಬ್ಯಾಡ ಮತ್ತ. ರೊಟ್ಟಿ ಹೊತ್ತಾಕತ್ತೈತಿ ನೋಡು."

ರೊಟ್ಟಿ ನಿಜಕ್ಕೂ ಸೀದಿತ್ತು. ಪೂನಮ್ ಅದನ್ನು ತನ್ನ ತಟ್ಟೆಗೆ ಹಾಕಿಕೊಂಡಳು.

ತಪ್ಪಾಯಿತು ಎಂದು ಹೇಳುವುದು ಅವಳಿಗೆ ಬರುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಎಂಥ ಸಿಡುಕಿನ ರೋಗಿಗೂ ಸೂಜಿ ಚುಚ್ಚಿ ನಗಿಸಬಲ್ಲವಳು, ಮನೆಯಲ್ಲಿ ಆ ಒಂದು ಮಾತಿಗಾಗಿ ಸಂಜೆಯವರೆಗೆ ಒದ್ದಾಡಿದಳು. ಕೊನೆಗೆ ಒಳಕೋಣೆಗೆ ಹೋಗಿ ಟ್ರಂಕ್ ತೆರೆದು, ಕೋಟಿನ ಚೀಲವನ್ನು ಹೆಗಲಿಗೆ ಹಾಕಿಕೊಂಡು, ವರಾಂಡದಲ್ಲಿ ಪೇಪರ್ ಓದುತ್ತಿದ್ದ ಮಾವನ ಮುಂದೆ ನಿಂತಳು.

"ಮಾವಾರ, ಏಳ್ರಿ. ಟೇಲರ್ ಅಂಗಡಿಗೆ ಹೋಗಿ ಬರೂಣು. ಇದು ನಿಮಗ ಈಗ ದೊಡ್ಡದಾಗಿರತೈತಿ. ಹೋದ ವರ್ಷ ಜ್ವರ ಬಂದ ಮ್ಯಾಲ ನೀವು ಎಂಟ ಕೇಜಿ ಇಳದೀರಿ. ನಾನ ತೂಗೇನಿ."

ಮೈಲಾರಪ್ಪನವರು ಪೇಪರಿನ ಮೇಲಿಂದ ನೋಡಿದರು. "ಮಂದಿ ನಗತಾರ ಅಂದಿದ್ದಿಯಲ್ಲ?"

"ಅಂದಿದ್ದೆ. ಬುದ್ಧಿ ಇಲ್ಲದ ಅಂದೆ. ತಪ್ಪಾತ್ರಿ."

ಬಂದೇ ಬಿಟ್ಟಿತು ಮಾತು. ಅವಳ ಕಣ್ಣು ತುಂಬಿಕೊಂಡವು. ಮೈಲಾರಪ್ಪನವರು ಪೇಪರನ್ನು ನಾಲ್ಕು ಮಡಿಕೆ ಮಡಚಿದರು. "ನುಸಿಗುಳಗಿ ನಾತ ಹೊಡಿತೈತಿ ಅಂದಿದ್ದು ಖರೇನ ಐತಿ. ಚಪ್ಪಲಿ ಎಲ್ಲಿ ಅದಾವ ನನ್ನವು?" ಎಂದರು.

ಸೊಸೆಯ ಸ್ಕೂಟಿಯ ಮೇಲೆ ಅವರು ಹಿಂದೆಂದೂ ಕೂತವರಲ್ಲ. ಕೋಟನ್ನು ತೊಡೆಯ ಮೇಲೆ ಹಾಸಿಕೊಂಡು, ಸೀಟಿನ ಹಿಂದಿನ ಕಂಬಿ ಹಿಡಿದು ಕೂತರು. ಬಸ್ಸಿನ ದಾರಿ ಬಿಟ್ಟು ಪಕ್ಕದ ರಸ್ತೆಯಲ್ಲಿ ಅವಳು ಸಾವಕಾಶ ಓಡಿಸಿದಳು. "ಇಷ್ಟ ಸಾವಕಾಶ ಹೋದ್ರ ಅಂಗಡಿ ಮುಚ್ಚತಾನ" ಎಂದು ಅವರೇ ಹಿಂದಿನಿಂದ ಹುರಿದುಂಬಿಸಿದರು.

ಖಾಜಾಸಾಬ ತೀರಿಕೊಂಡು ಹತ್ತು ವರ್ಷವಾಗಿತ್ತು. ಧಾರವಾಡದ ಅದೇ ಇಕ್ಕಟ್ಟಿನ ಅಂಗಡಿಯಲ್ಲಿ ಅವನ ಮಗ ಶಾಬುದ್ದೀನ ಕೂತಿದ್ದ. ಕೋಟಿನ ಒಳಮಗ್ಗುಲು ತಿರುವಿ ನೋಡಿದವನೇ ಹೊಲಿಗೆಯ ಮೇಲೆ ಬೆರಳಾಡಿಸಿದ.

"ಅಬ್ಬಾಂದ ಕೈ ಇದು! ಸರ್, ಇದನ್ನ ಹೊಲಿಯೂ ಮುಂದ ಮೂರ ರಾತ್ರಿ ಮಲಗಿಲ್ಲ ಅಂತ ನಮ್ಮ ಅಮ್ಮಾ ಹೇಳತಿದ್ಲು. ನೀವ ಆ ಹೆಡ್‌ಮಾಸ್ತರ್ ಸಾಹೇಬ್ರೇನು?"

ಹಾಕಿಸಿ ನೋಡಿದ. ಭುಜ ಒಂದು ಇಂಚು ಜಾರಿತ್ತು. ಸೊಂಟದಲ್ಲಿ ಒಂದು ಹಿಡಿ ಬಟ್ಟೆ ಹೆಚ್ಚು. ಸೀಮೆಸುಣ್ಣದಿಂದ ಗೆರೆ ಎಳೆಯುತ್ತ ಅವನು ಕೇಳಿದ, "ಎಲ್ಲಿ ಮದವಿ?"

"ಮದವಿ ಅಲ್ಲ, ಹಡಗು" ಎಂದು ಮೈಲಾರಪ್ಪನವರು ಏಳು ಕೇಜಿಯ ಕಥೆಯೆಲ್ಲ ಹೇಳಿದರು.

ಶಾಬುದ್ದೀನ ಬಾಯಲ್ಲಿದ್ದ ಪಿನ್ನುಗಳನ್ನು ತೆಗೆದ. "ಮತ್ತ ಮೈಮ್ಯಾಲ ಹಾಕ್ಕೊಂಡ ಹೋಗ್ರಲ್ಲ ಸರ್. ಚೀಲಾ ತೂಗತಾರ, ಮನಿಶ್ಯಾನ್ನ ತೂಗಂಗಿಲ್ಲಲ್ಲ? ಬೂಟೂ ಕಾಲಾಗ. ನಿಮ್ಮ ಏಳೂ ಕೇಜಿ ಹಂಗ ಉಳೀತು."

ಮಾವ ಸೊಸೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬ ಹೆಡ್‌ಮಾಸ್ತರ, ಒಬ್ಬ ಲೆಕ್ಚರರ, ಒಬ್ಬ ನರ್ಸ್ ಇಡೀ ವಾರ ತಕ್ಕಡಿ ಹಿಡಿದು ಗುದ್ದಾಡಿದರೂ ಇದು ಹೊಳೆದಿರಲಿಲ್ಲ.

ಹೊರಡುವಾಗ ಮೈಲಾರಪ್ಪನವರು ಅಂಗಡಿಯ ಮೆಟ್ಟಿಲ ಮೇಲೆ ನಿಂತರು. "ಪೂನಮ್, ನಿನ್ನ ಆ ಹಸರ ಅಂಗಿ ಸರೀ ಕೂಡತೈತೇನವಾ? ಅಳತಿ ಗಿಳತಿ ಇದ್ದರ ಇಲ್ಲೇ ಕೊಡು. ಇವರ ಕೈ ಛಲೋ ಐತಿ."

"ಉದ್ದ ಜರಾ ಜಾಸ್ತಿ ಆಗೇತ್ರಿ" ಎಂದಳು ಪೂನಮ್.

"ನಾಳಿ ತಂದು ಕೊಡೂಣು" ಎಂದರು ಅವರು, ಶಾಬುದ್ದೀನನಿಗೆ.

ಇನ್ನು ಉಳಿದದ್ದು ಮುದಕವ್ವನ ಡಬ್ಬಿ. ಹೊರಡುವ ಹಿಂದಿನ ದಿನ ಪೂನಮ್ ಧೈರ್ಯ ಮಾಡಿ ಹೇಳಿದಳು. ಹಡಗಿನೊಳಗೆ ಹೊರಗಿನ ಊಟ ಬಿಡುವುದಿಲ್ಲ. ಮುದಕವ್ವ ಸೊಂಟದ ಮೇಲೆ ಕೈ ಇಟ್ಟಳು.

"ನಲವತ್ತ ರೊಟ್ಟಿ! ಮದಲ ಹೇಳಾಕ ಏನಾಗಿತ್ತು ನಿನಗ?"

"ನಿಮಗ ಹೇಳಾಕ ಅಂಜಿದ್ನಿರಿ."

"ನನಗ್ಯಾಕ ಅಂಜತಿ? ನಾ ಏನ ಹುಲಿ ಏನ?" ಎಂದವಳು ಒಂದು ಗಳಿಗೆ ಯೋಚಿಸಿ, "ವಿಮಾನ ಹತ್ತೂತನಾ ತಿನ್ನಬಹುದಲ್ಲ? ಮುಂಬೈದಾಗ ಹಡಗ ಹತ್ತೂತನಾ?" ಎಂದು ಕೇಳಿದಳು. ಅದಕ್ಕೆ ಅಡ್ಡಿಯಿರಲಿಲ್ಲ. ಹತ್ತು ರೊಟ್ಟಿ ದಾರಿಗೆ, ಉಳಿದ ಮೂವತ್ತು ರೆಹಮತ್‌ಬಿಯ ಮನೆಗೆ, ತಕ್ಕಡಿಯ ಜೊತೆಗೇ ಹೋದವು.

ಹುಬ್ಬಳ್ಳಿಯ ವಿಮಾನ ನಿಲ್ದಾಣದಲ್ಲಿ ಅಕ್ಟೋಬರಿನ ಬಿಸಿಲು ಗಾಜಿನಿಂದ ಒಳಗೆ ಬೀಳುತ್ತಿತ್ತು. ಮೈಲಾರಪ್ಪನವರು ಮೂರೂ ಅರಿವೆ ಹಾಕಿಕೊಂಡು, ಟೈ ಕಟ್ಟಿ, ಬೂಟಿಗೆ ಪಾಲಿಶ್ ಹಚ್ಚಿ ನಿಂತಿದ್ದರು. ಹಣೆಯಿಂದ ಬೆವರು ಇಳಿಯುತ್ತಿತ್ತು. ಕೌಂಟರಿನಲ್ಲಿ ಅವರ ಚೀಲ ತೂಗಿದಾಗ ನಾಲ್ಕು ಕೇಜಿ ಮುನ್ನೂರು. "ಇನ್ನ ಎರಡು ಕೇಜಿ ಏಳ್ನೂರು ಉಳದೈತಿ" ಎಂದು ಅವರು ಕೌಂಟರಿನ ಹುಡುಗಿಗೆ ಹೆಮ್ಮೆಯಿಂದ ಹೇಳಿದರು. ತಪಾಸಣೆಯ ಜವಾನ ಕೋಟು, ಬೆಲ್ಟು, ಬೂಟು ಬಿಚ್ಚಿ ಟ್ರೇದಲ್ಲಿ ಇಡಲು ಹೇಳಿದ. ಪೂನಮ್ ಮಾವನ ಕಡೆ ತಿರುಗಿದಳು. ಅವರು ಸಾವಕಾಶ ಕೋಟು ಬಿಚ್ಚಿ, ಒಳಮಗ್ಗುಲು ಹೊರಗೆ ಬರುವಂತೆ ಮಡಚಿ, ತಾವೇ ಟ್ರೇದಲ್ಲಿ ಇಟ್ಟರು. ಆಚೆ ಕಡೆ ಹೋಗಿ ಮತ್ತೆ ಒಂದೊಂದೇ ಗುಂಡಿ ಹಾಕಿಕೊಂಡರು. ಹಿಂದಿನವರು ಕಾಯಬೇಕಾಯಿತು. ಕಾದರು.

ಹಡಗು ಅವಳು ಮೊಬೈಲಿನಲ್ಲಿ ಕಂಡದ್ದಕ್ಕಿಂತ ದೊಡ್ಡದಿತ್ತು. ಮೊದಲ ದಿನ ಮೈತ್ರಿ ಈಜುಕೊಳದಿಂದ ಹೊರಗೆ ಬರಲಿಲ್ಲ. ಮುದಕವ್ವ ಕಟಕಟೆ ಹಿಡಿದು ನಿಂತು, "ಎಷ್ಟ ನೀರು! ಎಷ್ಟ ನೀರು!" ಎಂದಳು. ಅಂಬರೀಷ ಪೋರ್ಚುಗೀಸರು ಬಂದ ದಾರಿಯ ವಿಷಯ ಹೇಳಲು ಸುರು ಮಾಡಿದ, ಯಾರೂ ಕೇಳಲಿಲ್ಲ. ಪೂನಮ್ ಏನೂ ಮಾಡದೆ ಎರಡು ತಾಸು ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದಳು. ಗಂಟೆ ಬಾರಿಸಿ ಕರೆಯುವ ರೋಗಿ ಇರಲಿಲ್ಲ. ಕುಕ್ಕರಿನ ಸೀಟಿ ಇರಲಿಲ್ಲ. ಗಾಳಿ ಉಪ್ಪಾಗಿತ್ತು.

ಎರಡನೆಯ ಸಂಜೆ ಸಣ್ಣ ಕೋಣೆಯಲ್ಲಿ ಅವಳು ಗೌನು ತೊಟ್ಟಳು. ಬೆನ್ನಿನ ಜಿಪ್ಪು ಕೈಗೆ ಎಟುಕಲಿಲ್ಲ. "ತಿರಗು ಇತ್ತಾಗ" ಎಂದು ಮುದಕವ್ವ ಬಂದಳು. "ಉಸರ ಬಿಗಿ ಹಿಡಿ. ಹಾಂ." ಜಿಪ್ಪು ಮೇಲೇರಿತು. ಸೊಸೆಯನ್ನು ಭುಜ ಹಿಡಿದು ತಿರುಗಿಸಿ, ಅಡಿಯಿಂದ ಮುಡಿಯವರೆಗೆ ನೋಡಿದಳು. ತನ್ನ ಇಲಕಲ್ ಸೀರೆಯ ಸೆರಗು ಸರಿಮಾಡಿಕೊಳ್ಳುತ್ತ, "ನೈಟಿ ಅಲ್ಲ ಬಿಡು" ಎಂದಳು. ಅಷ್ಟೇ. ಪೂನಮ್‌ಗೆ ಅದು ಸಾಕಾಯಿತು.

ಊಟದ ಹಾಲಿಗೆ ಹೋಗಿ ನೋಡಿದರೆ ಕಾಗದದಲ್ಲಿ ಬರೆದದ್ದು ಯಾರಿಗೂ ಲೆಕ್ಕಕ್ಕಿರಲಿಲ್ಲ. ಮುಕ್ಕಾಲು ಪಾಲು ಜನ ಹೂವಿನ ಅಂಗಿ, ಮೊಣಕಾಲಿನ ಚಡ್ಡಿ, ರಬ್ಬರ್ ಚಪ್ಪಲಿಯಲ್ಲೇ ಬಂದಿದ್ದರು. ಕೋಟು ತೊಟ್ಟವರು ಅಲ್ಲೊಬ್ಬ ಇಲ್ಲೊಬ್ಬ. ಮೂರೂ ಅರಿವೆಯ ಸೂಟಿನಲ್ಲಿದ್ದವರು ಮೈಲಾರಪ್ಪನವರೊಬ್ಬರೇ. ತಮ್ಮ ಮೇಜಿಗೆ ಬಂದು ಕೂತ ಮೇಲೆ ಅಂಬರೀಷ, ಪಕ್ಕದಲ್ಲಿ ನಿಂತಿದ್ದ ಹೆಂಡತಿಯ ಕಿವಿಯಲ್ಲಿ, "ಅಪ್ಪಗ ಬ್ಯಾಸರ ಆಗಿರಬೇಕು" ಎಂದ.

ಅಪ್ಪ ಹಾಲಿನ ಬಾಗಿಲಲ್ಲೇ ಹಿಂದೆ ಉಳಿದಿದ್ದರು. ಮೇಜಿನ ಮೇಲಿನ ಅಂಕಿಗಳನ್ನು ನೋಡುತ್ತಿದ್ದರು, ಪರೀಕ್ಷೆಯ ದಿನ ಬೆಂಚುಗಳ ನಂಬರು ನೋಡುವಂತೆ. ಆಗ ಚಡ್ಡಿ ತೊಟ್ಟ ಒಬ್ಬ ದಪ್ಪನೆಯ ಮನುಷ್ಯ ಹೆಂಡತಿ ಮಕ್ಕಳೊಂದಿಗೆ ಅವರ ಮುಂದೆ ನಿಂತು, ಕೈಯಲ್ಲಿನ ಚೀಟಿ ತೋರಿಸಿ ಹಿಂದಿಯಲ್ಲಿ ಕೇಳಿದ, "ಸರ್, ಇಪ್ಪತ್ತೆರಡನೇ ಟೇಬಲ್ ಎಲ್ಲಿ? ಕಿಟಕಿ ಹತ್ತಿರದ್ದು ಕೊಡಿಸ್ತೀರಾ?"

ಅವರನ್ನು ಹಡಗಿನ ಮ್ಯಾನೇಜರ್ ಎಂದುಕೊಂಡಿದ್ದ.

ಅಂಬರೀಷನ ಮುಖ ಕೆಂಪಾಯಿತು. "ಏನ ತಿಳಕೊಂಡಾನ ಇಂವ ಅಪ್ಪನ್ನ" ಎಂದು ಎದ್ದ. ಪೂನಮ್ ಅವನಿಗಿಂತ ಮೊದಲು ಹೆಜ್ಜೆ ಇಟ್ಟಿದ್ದಳು. ಮುದಕವ್ವ ಇಬ್ಬರ ಕೈಯನ್ನೂ ಹಿಡಿದು ಎಳೆದಳು.

"ಸುಮ್ನಿರ್ರಿ. ಅವರ ಮಾರಿ ನೋಡ್ರಿ ಮದಲ."

ಮೈಲಾರಪ್ಪನವರ ಮುಖದ ತುಂಬ ನಗೆಯಿತ್ತು. ಒಂದು ಕೈ ಬೆನ್ನ ಹಿಂದೆ ಕಟ್ಟಿ, ಇನ್ನೊಂದು ಕೈ ಚಾಚಿ, "ಆಯಿಯೇ" ಎಂದು ಅವರನ್ನು ಕರೆದೊಯ್ದರು. ಸರಿ ಸಂಖ್ಯೆಯ ಮೇಜು ಎಡಕ್ಕೆ, ಬೆಸ ಬಲಕ್ಕೆ ಎಂಬುದನ್ನು ಅವರು ಆಗಲೇ ಕಂಡುಕೊಂಡಿದ್ದರು. ಅವರನ್ನು ಕೂಡಿಸಿ ತಿರುಗುವಷ್ಟರಲ್ಲಿ ಇನ್ನೊಂದು ಕುಟುಂಬ ಚೀಟಿ ಹಿಡಿದು ನಿಂತಿತ್ತು. ಅದರ ಹಿಂದೆ ಮತ್ತೊಂದು. ಮೂವತ್ತು ವರ್ಷ ಗದ್ದಲದ ಮಕ್ಕಳನ್ನು ಸಾಲು ಹಚ್ಚಿದ ದನಿಯಲ್ಲಿ ಅವರು, "ಏಕ್ ಏಕ್ ಕರಕೇ" ಎಂದರು. ಜನ ಸಾಲಾಗಿ ನಿಂತರು. ತಾಟು ಹೊತ್ತು ಬಂದ ವೇಟರನೊಬ್ಬ ಅವರನ್ನು ಕಂಡು ನೆಟ್ಟಗಾಗಿ ನಡೆದ. ನಿಜವಾದ ಮ್ಯಾನೇಜರ್ ಬಂದು ಒಂದು ನಿಮಿಷ ನೋಡಿ, ಕೈ ಕುಲುಕಿ "ಥ್ಯಾಂಕ್ಯೂ ಸರ್" ಎಂದು ಹೋದ.

ಕಾಲು ತಾಸಿನ ಮೇಲೆ ಅವರು ತಮ್ಮ ಮೇಜಿಗೆ ಬಂದರು. "ಹನ್ನೊಂದ ಟೇಬಲ್ ಕೂಡಿಸಿದೆ. ಒಬ್ಬಾಂವ ಕೋಣಿ ಎ.ಸಿ. ಕೆಟ್ಟೈತಿ ಅಂದ. ನಾಳಿ ಮುಂಜಾನಿ ರಿಪೇರಿ ಮಾಡಸ್ತೇನಿ ಅಂದೇನಿ."

ಮುದಕವ್ವ ಬಾಯಿಗೆ ಸೆರಗು ಹಿಡಿದು ನಕ್ಕಳು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಅಂಬರೀಷನೂ ನಕ್ಕ. ಮೈತ್ರಿಗೆ ಏನೂ ತಿಳಿಯದಿದ್ದರೂ ಎಲ್ಲರಿಗಿಂತ ಜೋರಾಗಿ ನಕ್ಕಳು.

ಪೂನಮ್ ಮಾತ್ರ ಕೂತಿರಲಿಲ್ಲ. ಊಟ ಆಚೆ ಉದ್ದನೆಯ ಮೇಜಿನ ಮೇಲೆ ಇತ್ತು. ತಾವೇ ಬಡಿಸಿಕೊಂಡು ಬರಬೇಕು. ಅವಳು ಆಗಲೇ ಎರಡೂ ಕೈಯಲ್ಲಿ ನಾಲ್ಕು ಖಾಲಿ ತಟ್ಟೆ ಹಿಡಿದಿದ್ದಳು. ಅತ್ತೆಗೆ ಮೆತ್ತನೆಯದು, ಮಾವನಿಗೆ ಉಪ್ಪು ಕಡಿಮೆಯದು, ಮಗಳಿಗೆ ಖಾರವಿಲ್ಲದ್ದು ತರಬೇಕು. ಮದುವೆಯಾಗಿ ಒಂಬತ್ತು ವರ್ಷದಲ್ಲಿ ಎಲ್ಲರ ತಟ್ಟೆ ತುಂಬುವ ಮೊದಲು ಅವಳು ಕೂತದ್ದಿಲ್ಲ. ಕೂಡು ಎಂದು ಯಾರೂ ಅಂದದ್ದೂ ಇಲ್ಲ, ಕೂಡಬೇಡ ಎಂದೂ ಯಾರೂ ಅಂದಿರಲಿಲ್ಲ.

ಮೈಲಾರಪ್ಪನವರು ಅವಳ ಕೈಯಿಂದ ತಟ್ಟೆಗಳನ್ನು ತೆಗೆದು ಮೇಜಿನ ಮೇಲಿಟ್ಟರು. ಹನ್ನೊಂದು ಮೇಜುಗಳಲ್ಲಿ ಮಾಡಿ ಬಂದ ಹಾಗೆಯೇ ಒಂದು ಕುರ್ಚಿಯನ್ನು ಹಿಂದಕ್ಕೆ ಎಳೆದು, ಅದರ ಬೆನ್ನು ಹಿಡಿದು ನಿಂತರು.

"ಕೂಡವಾ. ಇವತ್ತ ನಾ ತರತೇನಿ. ಏನ ತಿನ್ನಾಕಿ, ಹೇಳು."

ಪೂನಮ್ ಅತ್ತೆಯ ಮುಖ ನೋಡಿದಳು. "ಕೇಳಾಕತ್ತಾರಲ್ಲ, ಹೇಳು. ಸೂಟಿನ್ಯಾಗ ಇದ್ದಾಗಲೇ ತರಿಸಿಕೋ" ಎಂದಳು ಮುದಕವ್ವ.

ಪೂನಮ್ ಹಸಿರು ಗೌನಿನ ನೆರಿಗೆ ಒತ್ತಿಕೊಂಡು ಕೂತಳು.

"ಒಂದೀಟ ಅನ್ನ, ಆ ಕೆಂಪ ಪಲ್ಯಾ ಹಾಕ್ಕೊಂಡ ಬರ್ರಿ ಮಾವಾರ" ಎಂದಳು. ಅವರು ನಾಲ್ಕು ಹೆಜ್ಜೆ ಹೋದ ಮೇಲೆ ಮತ್ತೆ ಕೂಗಿದಳು, "ಎರಡು ಹಪ್ಪಳಾನೂ!"